ಕಾಮನ ಹುಣ್ಣಿಮೆಯಲ್ಲಿ ರತಿಯ ಪಾಲು

ನಮ್ಮ ವರ್ಷದ ಹಬ್ಬಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಹೆಚ್ಚಿನವು ಅಡುಗೆಮನೆಯಲ್ಲಿ ಹುಟ್ಟಿ ದೇವರ ಮನೆಯಲ್ಲಿ ಮುಗಿಯುತ್ತವೆ. ಪಂಚಮಿ ಇರಲಿ, ಗೌರಿ ಇರಲಿ, ದೀಪಾವಳಿ ಇರಲಿ, ಹೆಂಗಸಿನ ಕೈ ತಾಗದೆ ಹಬ್ಬ ಎದ್ದು ನಿಲ್ಲುವುದಿಲ್ಲ. ಫಾಲ್ಗುಣದ ಹೋಳಿ ಹುಣ್ಣಿಮೆಯೊಂದು ಇದಕ್ಕೆ ಹೊರತು. ಅಂದೂ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ತಟ್ಟುವವರು ನಾವೇ. ಆದರೆ ಹಬ್ಬ ನಮ್ಮದಲ್ಲ. ಅದು ಬೀದಿಯದು, ಹಲಗೆಯದು, ಗಂಡುಹುಡುಗರದು. ನಾವು ಹೋಳಿಗೆ ಬಡಿಸಿ ಬಾಗಿಲು ಹಾಕಿಕೊಳ್ಳುವವರು.

ಧಾರವಾಡ, ಗದಗ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ನಾಲ್ಕು ಮಾತು. ಶಿವರಾತ್ರಿ ಕಳೆಯುತ್ತಲೇ ಹುಡುಗರ ಕೈಗೆ ಹಲಗೆ ಬರುತ್ತದೆ. ಓಣಿ ಓಣಿಯಲ್ಲಿ ಕಾಮಣ್ಣನನ್ನು ಕೂರಿಸುತ್ತಾರೆ, ಅನೇಕ ಕಡೆ ಪಕ್ಕದಲ್ಲಿ ರತಿಯನ್ನೂ ಕೂರಿಸುತ್ತಾರೆ. ಕಟ್ಟಿಗೆ, ಕುಳ್ಳು ಬೇಡಿ ತರುತ್ತಾರೆ. ಕೊಡದಿದ್ದರೆ ಕದ್ದು ತರುತ್ತಾರೆ. ಆ ಕಳವಿಗೆ ಆ ದಿನಗಳಲ್ಲಿ ಮಾಫಿ ಉಂಟು. ಕಾಮದಹನದ ಬೆಂಕಿ ಹತ್ತುತ್ತಲೇ ಅಂಗೈಯಿಂದ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಆ ಬೆಂಕಿಯ ಕೆಂಡವನ್ನು ಮನೆಗೆ ತಂದು ಕಡಲೆ ಸುಡುವ, ಒಲೆ ಹೊತ್ತಿಸುವ ಪದ್ಧತಿ ಹಲವು ಮನೆಗಳಲ್ಲಿತ್ತು. ಆಮೇಲೆ ಬಣ್ಣ. ಬಾಗಲಕೋಟೆಯಲ್ಲಿ ಅದು ದಿನಗಟ್ಟಲೆ ನಡೆಯುತ್ತದೆ, ಹುಬ್ಬಳ್ಳಿಯಲ್ಲಿ ರಂಗಪಂಚಮಿಗೆ ಏರುತ್ತದೆ.

ಬಣ್ಣದ ದಿನಗಳ ಹಾಜರಿ ಪುಸ್ತಕವನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ವಾರ್ಷಿಕ ಪರೀಕ್ಷೆ ತಲೆಯ ಮೇಲಿರುವ ಹೊತ್ತು ಅದು. ಬಣ್ಣ ಆಡಲು ಹೋದ ಗಂಡುಹುಡುಗರು ಒಂದು ದಿನ ತಪ್ಪಿಸಿ ಮರುದಿನ ಕೆಂಪು ಕಿವಿ, ಹಸಿರು ಉಗುರು ಹೊತ್ತು ನಗುತ್ತ ಬರುತ್ತಾರೆ. ಹೆಣ್ಣುಮಕ್ಕಳು ಮಾತ್ರ ಎರಡು ಮೂರು ದಿನ ಕಾಣುವುದಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಪ್ರತಿ ವರ್ಷವೂ ಅದೇ: “ಅವ್ವ ಕಳಸಲಿಲ್ರಿ ಅಕ್ಕಾರ. ಓಣಿ ತುದಿಗೆ ಹುಡುಗರು ನಿಂತಿದ್ರು.” ಆಡಿದವನು ಒಂದು ದಿನ ಕಳೆದುಕೊಂಡ, ಆಡದವಳು ಮೂರು ದಿನ ಕಳೆದುಕೊಂಡಳು. ಹಬ್ಬದ ಖರ್ಚನ್ನು ಯಾರು ಕೊಡುತ್ತಾರೆ ಎಂಬುದು ಆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುತ್ತದೆ.

ವಸಂತದ ಹಬ್ಬ ಹಿಂದಿನಿಂದಲೂ ಹೀಗೇ ಇತ್ತೇ? ಹಳೆಯ ನಾಟಕಗಳನ್ನು ತೆಗೆದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. 7ನೆಯ ಶತಮಾನದ ಹರ್ಷನ ‘ರತ್ನಾವಳಿ’ಯ ಮೊದಲ ಅಂಕವೇ ಕೌಶಾಂಬಿಯ ವಸಂತೋತ್ಸವ. ಊರಿನ ಜನ ಬಣ್ಣದ ಹುಡಿ ಎರಚುತ್ತಾರೆ, ಪಿಚಕಾರಿಯಿಂದ ನೀರು ಹಾರಿಸುತ್ತಾರೆ. ಆಟದಲ್ಲಿ ಹೆಂಗಸರೂ ಇದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ಬರುತ್ತದೆ. ರಾಣಿ ವಾಸವದತ್ತೆ ಉದ್ಯಾನದ ಅಶೋಕ ಮರದ ಕೆಳಗೆ ಕಾಮದೇವನಿಗೆ ಪೂಜೆ ಮಾಡುತ್ತಾಳೆ. ಗಮನಿಸಿ, ಪೂಜೆ, ದಹನವಲ್ಲ. ಪೂಜೆ ಮಾಡುವವಳು ಮನೆಯ ಯಜಮಾನಿ. ದೂರದಿಂದ ಕದ್ದು ನೋಡುವ ಸಾಗರಿಕೆ ಅರಸನನ್ನೇ ಕಾಮನೆಂದು ತಿಳಿದು ಬೆರಗಾಗುತ್ತಾಳೆ. ಆ ಚೆಲುವೆ ಗಂಡನ ಕಣ್ಣಿಗೆ ಬೀಳಬಾರದೆಂದು ರಾಣಿ ಅವಳನ್ನು ಮೊದಲೇ ಅಲ್ಲಿಂದ ಅಟ್ಟಿರುತ್ತಾಳೆ. ಹೀಗೆ ಹಬ್ಬದ ಭಕ್ತಿಯ ಒಳಗೇ ಸಂಸಾರದ ಅಂಜಿಕೆಯೂ ಇದೆ. ಇದನ್ನು ಬರೆದವನಿಗೆ ಹೆಂಗಸರ ಮನಸ್ಸು ಗೊತ್ತಿತ್ತು.

ಕಾಳಿದಾಸನಲ್ಲಿಯೂ ವಸಂತ ಹೆಂಗಸರ ಕೈಯಲ್ಲೇ ಇದೆ. ‘ಮಾಲವಿಕಾಗ್ನಿಮಿತ್ರ’ದಲ್ಲಿ ಅಶೋಕ ಹೂ ಬಿಡಬೇಕಾದರೆ ಹೆಣ್ಣೊಬ್ಬಳ ಕಾಲು ತಾಗಬೇಕು, ರಾಣಿಯ ಬದಲಿಗೆ ಮಾಲವಿಕೆ ಬಂದು ಒದೆಯುತ್ತಾಳೆ. ‘ಶಾಕುಂತಲ’ದ 6ನೆಯ ಅಂಕದಲ್ಲಿ ಇಬ್ಬರು ಹುಡುಗಿಯರು ಮಾವಿನ ಚಿಗುರನ್ನು ಕಾಮನಿಗೆ ಅರ್ಪಿಸಲು ಕೀಳುತ್ತಾರೆ. ಅಷ್ಟರಲ್ಲಿ ಕಂಚುಕಿ ಬಂದು ಗದರುತ್ತಾನೆ: ಅರಸರು ಈ ಸಲ ವಸಂತೋತ್ಸವ ನಿಲ್ಲಿಸಿದ್ದಾರೆ, ನಿಮಗೆ ಗೊತ್ತಿಲ್ಲವೇ? ಶಕುಂತಲೆಯನ್ನು ತೊರೆದ ಸಂಕಟ ದುಷ್ಯಂತನದು. ಆದರೆ ಅವನ ಪಶ್ಚಾತ್ತಾಪಕ್ಕೆ ನಿಂತದ್ದು ಹೆಣ್ಣುಮಕ್ಕಳ ಹಬ್ಬ! ಕಾಳಿದಾಸ ಇದನ್ನು ವ್ಯಂಗ್ಯವಾಗಿ ಬರೆದನೋ ಇಲ್ಲವೋ, ಓದುವ ಹೆಂಗಸಿಗೆ ಮಾತ್ರ ಅದು ವ್ಯಂಗ್ಯವಾಗಿಯೇ ಕೇಳುತ್ತದೆ.

ಹೆಂಗಸರು ಪೂಜಿಸುತ್ತಿದ್ದ ಕಾಮ ಗಂಡಸರು ಸುಡುವ ಕಾಮಣ್ಣನಾದದ್ದು ಹೇಗೆ ಎಂಬ ಚರಿತ್ರೆಯನ್ನು ಪಂಡಿತರಿಗೆ ಬಿಡೋಣ. ನನ್ನ ತಕರಾರು ಹಬ್ಬದ ಕಥೆಯನ್ನು ನಾವು ಇಂದು ಹೇಳುವ ರೀತಿಯ ಮೇಲೆ. ಹೋಳಿ ಯಾಕೆ ಆಚರಿಸುತ್ತೇವೆ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಪಟಪಟನೆ ಹೇಳುತ್ತಾರೆ: ಶಿವ ತಪಸ್ಸಿಗೆ ಕುಳಿತಿದ್ದ, ಕಾಮ ಹೂಬಾಣ ಬಿಟ್ಟ, ಶಿವ ಮೂರನೆಯ ಕಣ್ಣು ತೆರೆದ, ಕಾಮ ಬೂದಿಯಾದ, ಆದ್ದರಿಂದ ನಮ್ಮೊಳಗಿನ ಕೆಟ್ಟ ಆಸೆಗಳನ್ನು ಸುಡಬೇಕು. ಕಥೆ ಅಲ್ಲಿಗೆ ಮುಗಿಯಿತು, ನೀತಿಯೂ ಸಿಕ್ಕಿತು. ಭಾಷಣಗಳಲ್ಲಿ, ಪತ್ರಿಕೆಗಳ ಹಬ್ಬದ ಪುಟಗಳಲ್ಲಿ ಬರುವುದೂ ಇಷ್ಟೇ. ಸುಟ್ಟವನೊಬ್ಬ, ಸುಟ್ಟುಹೋದವನೊಬ್ಬ. ಅದೇ ಜಾಗದಲ್ಲಿ ನಿಂತು ಎಲ್ಲವನ್ನೂ ಕಂಡ ಮೂರನೆಯವಳೊಬ್ಬಳಿದ್ದಳು. ಅವಳು ನೀತಿಗೆ ಬೇಕಾಗಲಿಲ್ಲ, ಹಾಗಾಗಿ ಕಥೆಯಿಂದಲೂ ಉದುರಿಹೋದಳು.

ಕವಿಗಳು ಅವಳನ್ನು ಉದುರಿಸಲಿಲ್ಲ. ‘ಕುಮಾರಸಂಭವ’ದ 3ನೆಯ ಸರ್ಗ ಕಾಮದಹನದ್ದಾದರೆ 4ನೆಯ ಸರ್ಗ ಪೂರ್ತಿಯಾಗಿ ರತಿಯದು. ಕಾಳಿದಾಸನ ಕೃತಿಗಳನ್ನು ಎಸ್.ವಿ. ಪರಮೇಶ್ವರ ಭಟ್ಟರು ಕನ್ನಡಕ್ಕೆ ತಂದಿದ್ದಾರೆ. ಸಂಸ್ಕೃತ ಬಾರದ ನನ್ನಂಥವರೂ ಓದಬಹುದು. ಕಾಮ ತನ್ನ ಚಪಲಕ್ಕಾಗಿ ಹೋದವನಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ತಾರಕಾಸುರನ ಕಾಟ ತಾಳಲಾರದೆ, ಶಿವನಿಗೆ ಮಗ ಹುಟ್ಟಬೇಕೆಂದು, ಇಂದ್ರ ಅವನನ್ನು ಕರೆಸಿ ಕಳಿಸಿದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರಕಾರಿ ಕೆಲಸದ ಮೇಲೆ ಹೋಗಿ ಸತ್ತವನು. ರತಿ ಅಳುಕುತ್ತಲೇ ಅವನ ಹಿಂದೆ ಹೋಗಿದ್ದಳು. ಕಣ್ಣೆದುರೇ ಗಂಡ ಉರಿದಾಗ ಮೂರ್ಛೆ ಬಂತು. ಆ ಮೂರ್ಛೆ ಅವಳಿಗೆ ಉಪಕಾರ ಮಾಡಿದಂತಾಯಿತು ಎನ್ನುತ್ತಾನೆ ಕವಿ. ಎಚ್ಚರವಾದಾಗ ನೆಲದ ಮೇಲೆ ಕಂಡದ್ದು ಗಂಡಸಿನ ಆಕಾರದಲ್ಲಿ ಬಿದ್ದಿದ್ದ ಬೂದಿ.

ಅವಳ ವಿಲಾಪದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ದೊಡ್ಡ ಮಾತುಗಳಲ್ಲ, ಒಂದು ಚಿಕ್ಕ ಸಂಗತಿ. ಕಾಮ ಅವಳ ಕಾಲಿಗೆ ಅರಗಿನ ಕೆಂಪು ಹಚ್ಚುತ್ತ ಕುಳಿತಿದ್ದಾಗ ದೇವತೆಗಳ ಕರೆ ಬಂದಿತ್ತು. ಎಡಗಾಲಿಗೆ ಹಚ್ಚುವುದು ಉಳಿದಿತ್ತು. ಬಾ, ಅದನ್ನು ಮುಗಿಸು ಎಂದು ಅವಳು ಬೂದಿಯನ್ನು ಕೇಳಿಕೊಳ್ಳುತ್ತಾಳೆ. ಕರೆಸಿಕೊಂಡ ದೇವತೆಗಳನ್ನು ಕ್ರೂರಿಗಳೆಂದೇ ಕರೆಯುತ್ತಾಳೆ. ಸಾವು ಬಂದ ಮನೆಗಳಲ್ಲಿ ನೋಡಿ: ಅರ್ಧ ಓದಿ ಮಡಿಸಿಟ್ಟ ಪೇಪರು, ರಿಪೇರಿಗೆ ಕೊಟ್ಟು ತರದೆ ಉಳಿದ ಕೈಗಡಿಯಾರ, ನಾಳೆ ತರುತ್ತೇನೆಂದು ಹೇಳಿದ್ದ ಎರಡು ಕಿಲೋ ಬೆಲ್ಲ. ದುಃಖ ಇಂಥ ಅರ್ಧ ಕೆಲಸಗಳಿಗೆ ಜೋತುಬಿದ್ದಿರುತ್ತದೆ. ಒಂದೂವರೆ ಸಾವಿರ ವರ್ಷಗಳ ಹಿಂದಿನ ಕವಿಗೆ ಇದು ತಿಳಿದಿತ್ತು. ಕೊನೆಗೆ ಚಿತೆ ಸಿದ್ಧಮಾಡೆಂದು ರತಿ ಗೆಳೆಯ ವಸಂತನನ್ನು ಕೇಳುತ್ತಾಳೆ. ಆಗ ಆಕಾಶವಾಣಿಯೊಂದು ತಡೆಯುತ್ತದೆ: ದೇಹ ಉಳಿಸಿಕೋ, ಶಿವ ಪಾರ್ವತಿಯ ಕೈಹಿಡಿಯುವ ದಿನ ನಿನ್ನ ಗಂಡ ನಿನಗೆ ಮರಳಿ ಸಿಗುತ್ತಾನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿ ಈ ಕಥೆಯನ್ನು ದೊಡ್ಡದಾಗಿ ಹೇಳಿದವನು ‘ಗಿರಿಜಾಕಲ್ಯಾಣ’ದ ಹರಿಹರ. ಅವನು ಹಂಪೆಯ ವಿರೂಪಾಕ್ಷನಿಗೆ ತನ್ನನ್ನು ತೆತ್ತುಕೊಂಡ ಭಕ್ತ. ಶಿವ ಮಾಡಿದ್ದು ತಪ್ಪೆಂದು ಅವನ ಬಾಯಲ್ಲಿ ಬರುವ ಮಾತೇ ಅಲ್ಲ. ಆದರೂ ಅವನ ಕಾವ್ಯದಲ್ಲಿ ರತಿ ಬಾಯ್ತುಂಬ ಅಳುತ್ತಾಳೆ. ಭಕ್ತಿಯ ಭರದಲ್ಲಿ ಅವಳನ್ನು ಎರಡು ಸಾಲಿನಲ್ಲಿ ದಾಟಿ ಮುಂದಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ದೇವರ ಗೆಲುವನ್ನು ಹಾಡುವಾಗಲೂ ಆ ಗೆಲುವಿನಲ್ಲಿ ನೊಂದವಳಿಗೆ ಜಾಗ ಬಿಟ್ಟುಕೊಡುವುದು ದೊಡ್ಡ ಕವಿಯ ಲಕ್ಷಣ. ನಮ್ಮ ಹಬ್ಬಕ್ಕೆ ಆ ದೊಡ್ಡತನ ಬರಲಿಲ್ಲ ಎಂಬುದೇ ನನ್ನ ದೂರು.

13ನೆಯ ಶತಮಾನದ ಜೈನ ಕವಿ ಆಂಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಂಸ್ಕೃತ ಶಬ್ದಗಳನ್ನು ಹಾಗೆಯೇ ಬಳಸದೆ, ಅಚ್ಚಗನ್ನಡ ಮತ್ತು ತದ್ಭವಗಳಲ್ಲೇ ಬರೆದ ‘ಕಬ್ಬಿಗರ ಕಾವ’ ಎಂಬ ಅವನ ಕಾವ್ಯವನ್ನು ಭಾಷೆಯ ಪ್ರಯೋಗವೆಂದು ಪರೀಕ್ಷೆಗೆ ಓದುತ್ತೇವೆ, ಕಥೆಯನ್ನು ಮರೆಯುತ್ತೇವೆ. ಅಲ್ಲಿ ಕಾಮ ಸುಟ್ಟುಹೋಗುವುದೇ ಇಲ್ಲ. ಚಂದ್ರನನ್ನು ಶಿವ ಕೊಂಡೊಯ್ದನೆಂದು ಕಾಮ ದಂಡೆತ್ತಿ ಹೋಗುತ್ತಾನೆ, ಅವನ ಬಾಣ ತಾಗಿ ಶಿವ ಅರ್ಧನಾರಿಯಾಗುತ್ತಾನೆ! ಸಿಟ್ಟಿನಿಂದ ಶಿವ ಕೊಡುವ ಶಾಪವೆಂದರೆ ನಲ್ಲೆಯಿಂದ ಅಗಲಿಕೆ. ಕೊನೆಗೆ ಶಾಪ ಕಳೆದು ಇಬ್ಬರೂ ಕೂಡುತ್ತಾರೆ. ಒಂದೇ ಕಥೆಯನ್ನು ಶಿವಭಕ್ತ ಹೀಗೆ ಹೇಳಿದ, ಜೈನ ಹಾಗೆ ಹೇಳಿದ. ಕಾಮನ ಕಥೆಗೆ ನೀತಿ ಒಂದೇ, ಅದು ಸುಡುವುದೇ ಎಂದು ವಾದಿಸುವವರು ನಮ್ಮ ನಾಡಿನ ಈ ಎರಡು ಕಾವ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಭಾಗವತದ ದಶಮ ಸ್ಕಂಧದಲ್ಲಿ ರತಿಯ ಮತ್ತೊಂದು ಕಥೆಯಿದೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದು. ಅಲ್ಲಿ ಕಾಮ ಕೃಷ್ಣ-ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುತ್ತಾನೆ. ಶಂಬರಾಸುರ ಆ ಕೂಸನ್ನು ಕದ್ದು ಸಮುದ್ರಕ್ಕೆ ಎಸೆಯುತ್ತಾನೆ, ಮೀನೊಂದು ನುಂಗುತ್ತದೆ, ಆ ಮೀನು ಶಂಬರನ ಅಡುಗೆಮನೆಗೇ ಬರುತ್ತದೆ. ಅಲ್ಲಿ ಅನ್ನ-ಸಾರು ಮಾಡಿಕೊಂಡಿದ್ದ ಮಾಯಾವತಿ ಎಂಬವಳ ಕೈಗೆ ಕೂಸು ಸೇರುತ್ತದೆ. ಅವಳೇ ರತಿ. ಗಂಡನ ದೇಹ ಮರಳುವುದನ್ನು ಕಾಯುತ್ತ ಅಸುರನ ಮನೆಯಲ್ಲಿ ಅಡುಗೆಯವಳಾಗಿ ಬದುಕಿದವಳು. ಮನ್ಮಥನ ಹೆಂಡತಿ ಎಂದರೆ ಕಬ್ಬಿನ ಬಿಲ್ಲಿನ ಪಕ್ಕದಲ್ಲಿ ಸೊಂಟ ಬಳುಕಿಸಿ ನಿಂತವಳೆಂದೇ ನಾವು ತಿಳಿದಿದ್ದೇವೆ. ಗಂಡ ಹೋದ ಮೇಲೆ ಇನ್ನೊಬ್ಬರ ಮನೆಯ ಒಲೆ ಊದಿ ಬದುಕು ಸಾಗಿಸಿದ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಅವರ ನಡುವೆ ಒಬ್ಬ ದೇವತೆಯೂ ಇದ್ದಳೆಂಬುದನ್ನು ನಮಗೆ ಯಾವ ಹಬ್ಬವೂ ಹೇಳಿಕೊಡಲಿಲ್ಲ.

ಇನ್ನು ಬೀದಿಯ ರತಿಯನ್ನು ನೋಡೋಣ. ರಾಣೆಬೆನ್ನೂರಿನಲ್ಲಿ ಜೀವಂತ ರತಿ-ಕಾಮಣ್ಣರನ್ನು ಕೂರಿಸುವುದು ಹೆಸರಾದ ಸಂಗತಿ. ವೇಷ ಹಾಕಿದ ಇಬ್ಬರು ಬೊಂಬೆಗಳಂತೆ ಅಲುಗಾಡದೆ ಕೂರುತ್ತಾರೆ, ಎದುರಿನವರು ಏನೇನೋ ಹೇಳಿ ಅವರನ್ನು ನಗಿಸಲು ಹೆಣಗುತ್ತಾರೆ, ಅವರು ನಗುವುದಿಲ್ಲ. ರತಿಯ ವೇಷವೂ ಗಂಡಸಿನದೇ. ಅದೊಂದು ಸೊಗಸಾದ ಜಾಣ್ಮೆಯ ಆಟ, ಅದರ ಮೇಲೆ ನನಗೆ ಬೇಸರವಿಲ್ಲ. ಬೇಸರವಿರುವುದು ಹಲವು ಊರುಗಳಲ್ಲಿ ಕಾಣುವ ಅಣಕು ಶವಯಾತ್ರೆಯ ಮೇಲೆ. ಒಬ್ಬನನ್ನು ಚಟ್ಟದ ಮೇಲೆ ಮಲಗಿಸಿ ಹೊರುತ್ತಾರೆ. ಸೀರೆ ಉಟ್ಟ ಇನ್ನೊಬ್ಬ ಹೆಂಡತಿಯಾಗಿ ಎದೆ ಬಡಿದುಕೊಂಡು ಹಿಂದೆ ಬರುತ್ತಾನೆ. ಅವನು ಎಷ್ಟು ಅತ್ತರೆ ಅಷ್ಟು ನಗು, ಅಷ್ಟು ಸಿಳ್ಳೆ. ಕಾಳಿದಾಸ ಒಂದು ಸರ್ಗ ಕೊಟ್ಟ, ಹರಿಹರ ಕಣ್ಣೀರು ಕೊಟ್ಟ. ಬೀದಿ ಅದೇ ಅಳುವನ್ನು ತೆಗೆದುಕೊಂಡು ನಗೆಪಾಟಲು ಮಾಡಿತು. ಆ ಮೆರವಣಿಗೆ ಹಾದುಹೋಗುವ ಓಣಿಯಲ್ಲಿ ಕದ ಮುಚ್ಚಿಕೊಂಡು ಒಳಗೆ ಕುಳಿತವರಲ್ಲಿ ನಿಜವಾಗಿಯೇ ಹಾಗೆ ಅತ್ತವರೂ ಇರುತ್ತಾರಲ್ಲವೇ?

ಹಬ್ಬದಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಣ್ಣ ಬಳಿದ ಮುಖಕ್ಕೆ ಸಾಹುಕಾರ, ಕೂಲಿ ಎಂಬ ಗುರುತಿರುವುದಿಲ್ಲ. ವರ್ಷವಿಡೀ ಮಾತು ಬಿಟ್ಟವರು ಅಂದು ಹೆಗಲ ಮೇಲೆ ಕೈ ಹಾಕುವುದನ್ನು ನಾನೇ ಕಂಡಿದ್ದೇನೆ. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಮದುವೆಯಾಗದವರು, ಮಕ್ಕಳಾಗದವರು ಬಂದು ಹರಕೆ ಹೊರುತ್ತಾರೆ. ಅಲ್ಲಿ ಕಾಮಣ್ಣ ಸುಡಬೇಕಾದ ಕೆಟ್ಟ ಆಸೆಯಲ್ಲ, ಮನೆ ಬೆಳಗಬೇಕೆಂಬ ಆಸೆಗೆ ಕಿವಿಗೊಡುವ ದೇವರು. ವಾಸವದತ್ತೆಯ ಪೂಜೆಗೆ ಹತ್ತಿರವಾದ ಭಾವ ಅದು. ಲಂಬಾಣಿ ತಾಂಡಾಗಳ ಹೋಳಿಯನ್ನು ನೋಡಿದವರಿಗೂ ಗೊತ್ತು: ಅಲ್ಲಿ ಹೆಂಗಸರು ಲೇಂಗಿ ಹಾಡುತ್ತ ಬಯಲಿನಲ್ಲೇ ಕುಣಿಯುತ್ತಾರೆ, ಗಂಡಸರಿಗೆ ಎದುರುನಿಂತು ಕೋಲಿನ ಏಟನ್ನೂ ಕೊಡುತ್ತಾರೆ. ಹೋಳಿ ಎಂದರೆ ಹೆಂಗಸು ಒಳಗೇ ಇರಬೇಕೆಂಬುದು ಶಾಸ್ತ್ರವೂ ಅಲ್ಲ, ಎಲ್ಲರ ಸಂಪ್ರದಾಯವೂ ಅಲ್ಲ. ಅದು ನಮ್ಮ ಪೇಟೆಯ ಓಣಿಗಳು ಮಾಡಿಕೊಂಡ ಏರ್ಪಾಟು.

ಬೀದಿಯಲ್ಲಿ ಜಾಗವಿಲ್ಲದ ನಾವು ಮನೆಯೊಳಗೆ ನಮ್ಮದೊಂದು ವಸಂತವನ್ನು ಮಾಡಿಕೊಂಡಿದ್ದೇವೆ. ಹೋಳಿ ಹುಣ್ಣಿಮೆಯಾಗಿ ಹೆಚ್ಚುಕಡಿಮೆ ಹದಿನೆಂಟು ದಿನಕ್ಕೆ ಚೈತ್ರ ಶುದ್ಧ ತದಿಗೆ. ಅಂದಿನಿಂದ ಅಕ್ಷಯ ತದಿಗೆಯವರೆಗೆ ಒಂದು ತಿಂಗಳು ಚೈತ್ರಗೌರಿ. ಗೌರಿಯನ್ನು ಉಯ್ಯಾಲೆಯಲ್ಲಿ ಕೂರಿಸಿ, ಮಲ್ಲಿಗೆ ಮುಡಿಸಿ, ಅನುಕೂಲವಾದ ಒಂದು ಸಂಜೆ ಓಣಿಯ ಮುತ್ತೈದೆಯರನ್ನು ಕರೆಯುತ್ತೇವೆ. ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆ ಕೋಸಂಬರಿ, ಪಾನಕ, ಉಡಿಗೆ ನೆನೆಸಿದ ಕಡಲೆ, ಅರಿಸಿನ-ಕುಂಕುಮ. ಬಿಸಿಲ ದಿನದ ಆ ತಂಪು ಸಂಜೆಯಷ್ಟು ಸುಂದರವಾದ ಹಬ್ಬ ನಮ್ಮಲ್ಲಿ ಬೇರೆ ಇಲ್ಲ. ನಗು, ಮಾತು, ಹೊಸ ಸೊಸೆಯ ಬಾಯಲ್ಲಿ ಗಂಡನ ಹೆಸರು ಹೇಳಿಸುವ ತಮಾಷೆ. ಬೀದಿಯಲ್ಲಿ ಸುಟ್ಟ ಕಾಮ ನಮ್ಮ ಪಡಸಾಲೆಯಲ್ಲಿ ಹೀಗೆ ಮೆತ್ತಗೆ ಜೀವ ತಳೆದು ಬರುತ್ತಾನೆ ಎಂದರೂ ತಪ್ಪಿಲ್ಲ.

ಆದರೆ ಈ ನಮ್ಮ ಹಬ್ಬಕ್ಕೂ ಒಂದು ಹೊಸ್ತಿಲಿದೆ. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಆ ಮುಂದಿನ ಚೈತ್ರದಲ್ಲಿ ಓಣಿಯ ಒಂದು ಮನೆಯ ಸೊಸೆ ಕುಂಕುಮದ ಭರಣಿ ಹಿಡಿದು ಮನೆ ಮನೆಗೆ ಕರೆಯಲು ಬಂದಳು. ನಾನು ಗೇಟಿನಲ್ಲಿ ನಿಂತಿದ್ದೆ. ಅವಳು ಒಂದು ಗಳಿಗೆ ನಿಂತು, “ಊಟ ಆತೇನ್ರಿ ಅಕ್ಕಾರ?” ಎಂದು ಕೇಳಿ ಮುಂದಿನ ಮನೆಗೆ ಹೋದಳು. ಮರುದಿನ ಅವಳ ಮಗಳು, ನನ್ನದೇ ತರಗತಿಯ ಹುಡುಗಿ, ಡಬ್ಬಿಯಲ್ಲಿ ಕೋಸಂಬರಿ ತಂದುಕೊಟ್ಟಿತು. “ಅವ್ವ ಕೊಟ್ಟು ಬಾ ಅಂದಾಳ್ರಿ. ನಿನ್ನೆ ನೀವ್ಯಾಕ ಬರಲಿಲ್ರಿ ಅಕ್ಕಾರ?” ನನಗೆ ಆ ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ಡಬ್ಬಿ ಕಳಿಸುವಷ್ಟು ಒಳ್ಳೆಯ ಮನಸ್ಸು ಅವಳದು. ಕರೆಯಲು ಬಾಯಿ ಬಾರದ ಹಾಗೆ ಮಾಡಿದ್ದು ಅವಳಿಗಿಂತ ಹಳೆಯದೊಂದು ಕಟ್ಟಳೆ. ಆದರೆ ಹುಡುಗಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ದಶಕಗಳ ಓದು, ಮೂರು ದಶಕಗಳ ಪಾಠ, ಯಾವುದೂ ಆ ಹೊತ್ತಿಗೆ ಒದಗಲಿಲ್ಲ. ಕಾಳಿದಾಸನ 4ನೆಯ ಸರ್ಗವನ್ನು ಮತ್ತೆ ತೆಗೆದು ಓದಿದ್ದು ಆ ರಾತ್ರಿ.

ಆಕಾಶವಾಣಿಯ ಮಾತು ನೆನಪಿಡಿ ಎಂದು ಹೇಳಿದ್ದೆನಲ್ಲ, ಈಗ ಅದಕ್ಕೆ ಬರೋಣ. ರತಿಯ ಗಂಡ ಮರಳುವುದು ಯಾವಾಗ? ಶಿವ ಗಿರಿಜೆಯ ಕೈ ಹಿಡಿದಾಗ. ‘ಕುಮಾರಸಂಭವ’ದ 7ನೆಯ ಸರ್ಗದಲ್ಲಿ ಮದುವೆ ಮುಗಿಯುತ್ತಲೇ ದೇವತೆಗಳು ಶಿವನ ಮುಂದೆ ಕೈಮುಗಿದು ಕಾಮನಿಗಾಗಿ ಬೇಡುತ್ತಾರೆ, ಶಿವ ಒಪ್ಪುತ್ತಾನೆ. ಗೌರಿಯ ಸೌಭಾಗ್ಯವೂ ರತಿಯ ಸೌಭಾಗ್ಯವೂ ಒಂದೇ ಮುಹೂರ್ತದಲ್ಲಿ ಬಂದವು. ಇನ್ನೊಂದು ಬದಿಯಿಂದಲೂ ನೋಡಿ: ಗೌರಿಯ ಮದುವೆಯ ದಾರಿಯಲ್ಲಿ ಬೂದಿಯಾದವನು ರತಿಯ ಗಂಡ. ಆ ಲೆಕ್ಕದಲ್ಲಿ ಗೌರಿ ರತಿಗೆ ಋಣಿ. ಹೀಗಿರುವಾಗ ಗೌರಿಯ ಹೆಸರಿನಲ್ಲಿ ಕೂಡುವ ಸಂಜೆಗೆ ಗಂಡನನ್ನು ಕಳೆದುಕೊಂಡವಳು ಬರಬಾರದು ಎಂಬ ನಿಯಮ ಎಲ್ಲಿಂದ ಬಂತು? ನಾವು ಪೂಜಿಸುವ ಗೌರಿಯ ಕಥೆಯಿಂದಂತೂ ಬಂದಿಲ್ಲ. ಬೀದಿಯವರು ರತಿಯ ಅಳುವನ್ನು ಅಣಕಿಸಿದರು ಎಂದು ದೂರುವ ನಾವು ಅವಳನ್ನು ಕರೆಯುವುದನ್ನೇ ಬಿಟ್ಟೆವು. ಯಾವುದು ಹೆಚ್ಚು ನೋವಿನದು ಎಂದು ತೂಗಲು ಹೋಗುವುದಿಲ್ಲ. ಎರಡೂ ಒಂದೇ ಮರೆವಿನ ಎರಡು ಕೊಂಬೆಗಳು.

ಇದು ಬದಲಾಗದ ಕಟ್ಟಳೆಯೂ ಅಲ್ಲ. ಬಿಳಿ ಸೀರೆಯಲ್ಲಿ ದಿನ ಎಣಿಸುತ್ತಿದ್ದ ವೃಂದಾವನದ ವಿಧವೆಯರು 2013ರಲ್ಲಿ ಸುಲಭ್ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವಿನಿಂದ ಹೋಳಿ ಆಡಿದರು. 2016ರಲ್ಲಿ ಅದು ಗೋಪಿನಾಥ ದೇವಾಲಯದ ಅಂಗಳಕ್ಕೇ ಬಂತು. ಗುಲಾಲಿನಲ್ಲಿ ಮುಳುಗಿದ ಆ ಮುದುಕಿಯರ ಚಿತ್ರಗಳನ್ನು ನೀವೂ ನೋಡಿರಬಹುದು. ನಮ್ಮ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಬೆಳಗಾವಿಯ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು: ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ನಮ್ಮ ಊರಿನಲ್ಲಿ ಇಲ್ಲ. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯಿತಿಗಳಿಗೂ ಹೇರವಾಡದ ದಾರಿ ಹಿಡಿಯಲು ಸೂಚಿಸಿತು. ಠರಾವಿನಿಂದ ಮನಸ್ಸು ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೂಡಲೇ ಬದಲಾಗದು. ಆದರೆ ಕರೆಯಬೇಕೆಂದು ಒಳಗೊಳಗೇ ಆಸೆಯಿದ್ದೂ ಅಂಜುವ ಸೊಸೆಯಂದಿರಿಗೆ ಅದೊಂದು ಆಸರೆಯಾದೀತು.

ಬೀದಿಯ ಹಬ್ಬಕ್ಕೆ ನಾವು ಮಾಡಬಹುದಾದದ್ದೂ ಸ್ವಲ್ಪ ಇದೆ. ಶಾಲೆಯಲ್ಲಿ ಹೋಳಿಯ ಪಾಠ ಹೇಳುವಾಗ ನಾನು ಈಗ ಕಥೆಯನ್ನು ಬೂದಿಯ ಹತ್ತಿರ ನಿಲ್ಲಿಸುವುದಿಲ್ಲ. ಆಮೇಲೆ ರತಿ ಏನು ಮಾಡಿದಳು ಎಂದು ಕೇಳುತ್ತೇನೆ. ಮೊದಲ ಸಲ ತರಗತಿ ಸುಮ್ಮನಾಗುತ್ತದೆ, ಆಮೇಲೆ ಗಂಡುಹುಡುಗರೇ ಕೈ ಎತ್ತಿ ಏನೇನೋ ಹೇಳುತ್ತಾರೆ. ಒಬ್ಬ ಹುಡುಗ ಹೇಳಿದ, “ಅಕ್ಕಿ ತುಗೊಂಡ ಹೋಗಿ ಕೊಡಬೇಕಿತ್ರಿ ಅಕ್ಕಾರ, ನಮ್ಮ ಓಣ್ಯಾಗ ಯಾರರ ಸತ್ತರ ಹಂಗ ಮಾಡ್ತಾರ.” ಆ ಹುಡುಗ ಬಣ್ಣದ ದಿನ ಓಣಿಯ ತುದಿಯಲ್ಲಿ ನಿಲ್ಲುವುದಿಲ್ಲವೆಂದು ನಾನು ಆಣೆ ಮಾಡಲಾರೆ. ನಿಂತರೂ, ಹಾದುಹೋಗುವ ಹುಡುಗಿಯನ್ನು ಬೇರೆ ಕಣ್ಣಿನಿಂದ ನೋಡಿಯಾನು ಎಂಬುದಷ್ಟೇ ನನ್ನ ನಂಬಿಕೆ. ತಾಯಂದಿರು ಮನೆಯಲ್ಲಿ ಗಂಡುಮಕ್ಕಳಿಗೆ ಕಥೆಯನ್ನು ಪೂರ್ತಿಯಾಗಿ ಹೇಳಿದರೆ ಮೇಷ್ಟರಿಗೂ ಮೇಡಮ್ಮಿಗೂ ಅರ್ಧ ಕೆಲಸ ಕಡಿಮೆ.

ಮನೆಯ ಹಬ್ಬವಂತೂ ಪೂರ್ತಿ ನಮ್ಮ ಕೈಯಲ್ಲಿದೆ. ಅದಕ್ಕೆ ಪಂಚಾಯಿತಿ ಬೇಡ, ಪುರೋಹಿತರೂ ಬೇಡ. ಬರುವ ಚೈತ್ರದಲ್ಲಿ ನಮ್ಮ ಮನೆಯಲ್ಲಿ ಗೌರಿಯನ್ನು ಕೂರಿಸಬೇಕೆಂದಿದ್ದೇನೆ. ಓಣಿಯ ಎಲ್ಲ ಮನೆಗಳಿಗೂ ಹೋಗಿ, ಮನೆಯಲ್ಲಿರುವ ಹೆಂಗಸರೆಲ್ಲ ಬರ್ರಿ ಎಂದು ಕರೆಯುತ್ತೇನೆ. ಕುಂಕುಮದ ತಟ್ಟೆ ಒಂದು ಕಡೆ ಇಟ್ಟಿರುತ್ತದೆ. ಇಟ್ಟುಕೊಳ್ಳುವುದು ಬಿಡುವುದು ಅವರವರ ಮನಸ್ಸು. ಹೂ ಎಲ್ಲರಿಗೂ, ಉಡಿಯ ಕಡಲೆ ಎಲ್ಲರಿಗೂ. ಬಾರದವರಿಗೆ ಡಬ್ಬಿಯಲ್ಲಿ ಕೋಸಂಬರಿ ಕಳಿಸುತ್ತೇನೆ, ಆದರೆ ಮೊದಲು ಕರೆದಿರುತ್ತೇನೆ.